ಕಿಕ್‌ಸ್ಟಾರ್ಟ್: ಒದೆಯುವುದು ಒಂದೇ ಸಲ

ಇಂಗ್ಲಿಷ್ ಪತ್ರಿಕೆ ಓದುವ ರೂಢಿ ಇರುವ ವಿದ್ಯಾರ್ಥಿಗಳಿಗೆ ‘ಕಿಕ್‌ಸ್ಟಾರ್ಟ್’ ಎಂಬ ಕ್ರಿಯಾಪದ ಹೊಸದೇನಲ್ಲ. ಸರ್ಕಾರ ಆರ್ಥಿಕತೆಯನ್ನು ಕಿಕ್‌ಸ್ಟಾರ್ಟ್ ಮಾಡುತ್ತದೆ, ಮುರಿದುಬಿದ್ದ ಮಾತುಕತೆಯನ್ನು ಯಾರೋ ಕಿಕ್‌ಸ್ಟಾರ್ಟ್ ಮಾಡುತ್ತಾರೆ. ಕೇಳಲು ಪದ ಚುರುಕಾಗಿದೆ. ಹಾಗಾಗಿ ಮಕ್ಕಳು ‘ಬೇಗ ಮಾಡು’ ಎನ್ನಬೇಕಾದ ಕಡೆಯಲ್ಲೆಲ್ಲ ಇದನ್ನೇ ತಂದು ಕೂರಿಸುತ್ತಾರೆ. ಅದು ಸರಿಯಲ್ಲ. ಏಕೆ ಸರಿಯಲ್ಲ ಎಂಬುದನ್ನು ವ್ಯಾಕರಣ ಪುಸ್ತಕಕ್ಕಿಂತ ಮೋಟಾರ್ ಸೈಕಲ್ಲೇ ಚೆನ್ನಾಗಿ ಹೇಳಿಕೊಡುತ್ತದೆ.

ನಿಂತಿರುವ ಎಂಜಿನ್ ತಾನಾಗಿಯೇ ಹೊರಡಲಾರದು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿನೊಳಗೆ ಬರಬೇಕು, ಅಲ್ಲಿ ಒತ್ತಡಕ್ಕೆ ಸಿಕ್ಕಬೇಕು, ಆಮೇಲೆ ಕಿಡಿ ತಗುಲಿ ಉರಿಯಬೇಕು. ಮಿಶ್ರಣವನ್ನು ಎಳೆದುಕೊಂಡು ಒತ್ತಬೇಕಾದದ್ದು ಪಿಸ್ಟನ್. ಪಿಸ್ಟನ್ ಚಲಿಸಬೇಕಾದರೆ ಮಿಶ್ರಣ ಉರಿಯಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ! ಈ ಗಂಟನ್ನು ಬಿಡಿಸುವುದು ಸವಾರನ ಕಾಲು. ಅವನು ಒದ್ದಾಗ ಕ್ರ್ಯಾಂಕ್ ತಿರುಗಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಬ್ಯಾಟರಿ ಇಲ್ಲದ ಹಳೆಯ ಸ್ಕೂಟರುಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತೂ ಆ ಒದೆತದಿಂದಲೇ ಹುಟ್ಟುತ್ತಿತ್ತು. ಮೊದಲ ಸ್ಫೋಟವಾಯಿತೆಂದರೆ ಮುಗಿಯಿತು. ಅದರ ಬಲದಿಂದ ಫ್ಲೈವೀಲ್ ತಿರುಗಿ ಮುಂದಿನ ಸುತ್ತಿಗೆ ಮಿಶ್ರಣವನ್ನು ಒತ್ತುತ್ತದೆ. ಇನ್ನು ಕಾಲಿಗೆ ಕೆಲಸವಿಲ್ಲ. ಒಳಗಿನ ಹಲ್ಲುಗಳು ಎಂಜಿನ್ನಿನಿಂದ ಬಿಡಿಸಿಕೊಳ್ಳುತ್ತವೆ, ಸ್ಪ್ರಿಂಗಿನ ಎಳೆತಕ್ಕೆ ಕಿಕ್ಕರ್ ತನ್ನ ಜಾಗಕ್ಕೆ ಮರಳುತ್ತದೆ.

ಈಗಿನ ಎಷ್ಟೋ ಬೈಕುಗಳಲ್ಲಿ ಗುಂಡಿ ಒತ್ತಿದರೆ ಸಾಕು, ಕಿಕ್ಕರೇ ಇರುವುದಿಲ್ಲ. ಆದ್ದರಿಂದ ಮಕ್ಕಳು ಈ ವಿಷಯವನ್ನು ಮನೆಯ ಹಿರಿಯರಲ್ಲಿ ಕೇಳುವುದು ಒಳ್ಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿ ಓಡಿಸಿದವರಿಗೆ ಇನ್ನೊಂದು ಸ್ವಾರಸ್ಯ ಗೊತ್ತಿರುತ್ತದೆ. ಅವುಗಳಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಸನ್ನೆ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಇಳಿಸಿದರೆ ಗೇರ್. ಶುರು ಮಾಡುವುದು ಬೇರೆ, ವೇಗ ಏರಿಸುವುದು ಬೇರೆ ಎಂಬುದನ್ನು ಒಂದೇ ಸನ್ನೆಯಲ್ಲಿ ತೋರಿಸಿದ ಗಾಡಿ ಅದು.

ಕಿಕ್‌ಸ್ಟಾರ್ಟ್ ಎಂಬ ಪದದ ಅರ್ಥವೂ ಇಷ್ಟೇ. ನಿಂತಿರುವ, ಆದರೆ ಓಡುವ ಶಕ್ತಿ ಒಳಗೇ ಇರುವ ಒಂದು ಕೆಲಸಕ್ಕೆ ಹೊರಗಿನಿಂದ ಒಮ್ಮೆ ಕೊಡುವ ಬಲವಾದ ತಳ್ಳು. ಆಮೇಲೆ ಅದು ತಾನೇ ನಡೆಯಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲದಿದ್ದರೆ ಸಂಜೆಯವರೆಗೆ ಒದ್ದರೂ ಬರುವುದು ಕಾಲುನೋವು ಮಾತ್ರ.

ಪ್ರಯೋಗಾಲಯಕ್ಕೆ ಬನ್ನಿ. ಮೆಗ್ನೀಸಿಯಂ ಪಟ್ಟಿ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಬರ್ನರಿನ ಜ್ವಾಲೆಗೆ ಹಿಡಿದು ಒಮ್ಮೆ ಹೊತ್ತಿಸಿದರೆ, ಜ್ವಾಲೆಯಿಂದ ತೆಗೆದ ಮೇಲೂ ತನ್ನದೇ ಶಾಖದಿಂದ ಕಣ್ಣು ಕೋರೈಸುವಂತೆ ಉರಿಯುತ್ತದೆ. ಇದು ಕಿಕ್‌ಸ್ಟಾರ್ಟ್. ಹೈಡ್ರೋಜನ್ ಪೆರಾಕ್ಸೈಡಿನ ಕಥೆ ಬೇರೆ. ಅದು ಸೀಸೆಯಲ್ಲಿದ್ದಾಗಲೂ ನಿಧಾನವಾಗಿ ನೀರು, ಆಮ್ಲಜನಕವಾಗಿ ವಿಭಜನೆಗೊಳ್ಳುತ್ತಲೇ ಇರುತ್ತದೆ. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೆ ಗುಳ್ಳೆಗಳು ಭರಭರನೆ ಏಳುತ್ತವೆ. ನಡೆಯುತ್ತಿದ್ದ ಕ್ರಿಯೆಗೆ ವೇಗ ಬಂತು, ಅಷ್ಟೆ. ಇಲ್ಲಿ ‘ಸ್ಪೀಡ್ ಅಪ್’ ಅಥವಾ ‘ಆಕ್ಸಿಲರೇಟ್’ ಎನ್ನಬೇಕು.

ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಈ ಭೇದ ತಕ್ಕಮಟ್ಟಿಗೆ ಉಳಿದಿದೆ. ‘ಮುಂಗಾರು ಚುರುಕು’ ಎಂದರೆ ಬರುತ್ತಿದ್ದ ಮಳೆ ಜೋರಾಯಿತು ಎಂದು. ‘ಕಾಮಗಾರಿಗೆ ಚಾಲನೆ’ ಎಂದರೆ ಇಲ್ಲದ್ದು ಶುರುವಾಯಿತು ಎಂದು. ಆದರೆ ಒಂದು ಎಚ್ಚರ: ಮಂತ್ರಿಗಳು ಟೇಪು ಕತ್ತರಿಸಿ ಕೊಡುವ ‘ಚಾಲನೆ’ಗೆ ಇಂಗ್ಲಿಷಿನಲ್ಲಿ ‘ಇನಾಗರೇಟ್’ ಅಥವಾ ‘ಲಾಂಚ್’ ಸಾಕು. ಅದನ್ನು ಕಿಕ್‌ಸ್ಟಾರ್ಟ್ ಎನ್ನಬೇಕಾದರೆ ಟೇಪು ಬಿದ್ದ ಮೇಲೂ ಕೆಲಸ ನಡೆದಿರಬೇಕು!

ಇಷ್ಟೆಲ್ಲ ಕೂದಲು ಸೀಳುವುದು ಏಕೆಂದರೆ, ಅರ್ಜಿ ಬರೆಯುವಾಗ ಇದರ ಬಿಸಿ ತಟ್ಟುತ್ತದೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ತಿದ್ದುಪಡಿಗೆ ಅರ್ಜಿ ಕೊಟ್ಟು ತಿಂಗಳಾಗಿದೆ, ಕಾಲೇಜು ಸೇರುವ ಕೊನೆಯ ದಿನ ಹತ್ತಿರ ಬಂದಿದೆ ಎನ್ನಿ. ಹುಡುಗ ‘ಪ್ಲೀಸ್ ಕಿಕ್‌ಸ್ಟಾರ್ಟ್ ಮೈ ಅಪ್ಲಿಕೇಶನ್’ ಎಂದು ಬರೆದರೆ, ‘ನಿಮ್ಮಲ್ಲಿ ನನ್ನ ಅರ್ಜಿ ಸತ್ತು ಮಲಗಿದೆ, ಒದ್ದು ಎಬ್ಬಿಸಿ’ ಎಂಬ ಧ್ವನಿ ಬರುತ್ತದೆ. ಅದು ನಿಜವೇ ಇರಬಹುದು. ಆದರೂ ಸಹಿ ಹಾಕಬೇಕಾದವರಿಗೆ ಹೀಗೆ ಹೇಳಿ ಕೆಲಸ ಮಾಡಿಸಿಕೊಳ್ಳುವುದು ಕಷ್ಟ. ಅಲ್ಲಿ ಬೇಕಾದ ಪದ ‘ಎಕ್ಸ್‌ಪಿಡೈಟ್’. ‘ಐ ರಿಕ್ವೆಸ್ಟ್ ಯು ಟು ಎಕ್ಸ್‌ಪಿಡೈಟ್ ದಿ ಕರೆಕ್ಷನ್’ ಎಂದು ಬರೆದು, ಕಾಲೇಜಿನ ಕೊನೆಯ ದಿನಾಂಕವನ್ನು ಮುಂದಿನ ವಾಕ್ಯದಲ್ಲೇ ಕೊಡಿ. ದಿನಾಂಕವಿಲ್ಲದ ಅವಸರಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ.

ಎಕ್ಸ್‌ಪಿಡೈಟ್ ಪದದ ಹುಟ್ಟು ಚೆನ್ನಾಗಿದೆ. ಲ್ಯಾಟಿನ್ನಿನಲ್ಲಿ ‘ಪೆಸ್’ ಎಂದರೆ ಕಾಲು. ಸಮಾಸದಲ್ಲಿ ಅದು ‘ಪೆಡ್’ ಆಗುತ್ತದೆ. ಪೆಡಲ್, ಪೆಡೆಸ್ಟ್ರಿಯನ್ ಎಲ್ಲ ಆ ಮನೆಯವೇ. ನಮ್ಮ ‘ಪಾದ’ವೂ ಸಂಸ್ಕೃತದ ಮೂಲಕ ಅವುಗಳ ನೆಂಟ. ‘ಎಕ್ಸ್’ ಎಂದರೆ ಹೊರಗೆ. ಸಿಕ್ಕಿಕೊಂಡ ಕಾಲನ್ನು ಬಿಡಿಸುವುದೇ ಎಕ್ಸ್‌ಪಿಡೈಟ್. ಕಾಲಿಗೆ ತೊಡಕು ಹಾಕುವುದು ‘ಇಂಪೀಡ್’. ಅರ್ಜಿ ನಡೆಯುತ್ತಿದೆ, ಕಾಲಿಗೆ ಏನೋ ಸಿಕ್ಕಿಕೊಂಡಿದೆ, ದಯವಿಟ್ಟು ಬಿಡಿಸಿ ಎಂದರೆ ಯಾರಿಗೂ ಬೇಸರವಾಗದು.

ಕಿಕ್‌ಸ್ಟಾರ್ಟ್ ಪದದ ಬಳಕೆಯಲ್ಲಿ ಇನ್ನೆರಡು ಮಾತು. ಇದರ ಕರ್ಮಪದ ಸಾಮಾನ್ಯವಾಗಿ ಒಂದು ಕೆಲಸ, ಯೋಜನೆ ಅಥವಾ ಪ್ರಕ್ರಿಯೆ, ವ್ಯಕ್ತಿಯಲ್ಲ. ‘ಅಪ್ಪ ಬೆಳಗ್ಗೆ ಐದಕ್ಕೆ ನನ್ನನ್ನು ಕಿಕ್‌ಸ್ಟಾರ್ಟ್ ಮಾಡಿದರು’ ಎಂದು ಇಂಗ್ಲಿಷಿನಲ್ಲಿ ಬರೆದರೆ ಓದಿದವರು ಅಪ್ಪನ ಬಗ್ಗೆ ಏನೇನೋ ಊಹಿಸಿಕೊಳ್ಳಬಹುದು. (ಮಗುವನ್ನು ಕಿಕ್‌ಸ್ಟಾರ್ಟ್ ಮಾಡಲೆಂದು ಏಪ್ರಿಲ್‌ನಲ್ಲೇ ಮೂರು ಟ್ಯೂಷನ್ನಿಗೆ ಸೇರಿಸುವ ಪೋಷಕರು ಮೊದಲು ಟ್ಯಾಂಕ್ ನೋಡುವುದು ಒಳ್ಳೆಯದು. ರಾತ್ರಿ ಹನ್ನೊಂದರವರೆಗೆ ಎದ್ದಿರುವ ಹುಡುಗನಿಗೆ ಬೇಕಾಗಿರುವುದು ನಿದ್ರೆ.) ಭೂತಕಾಲದಲ್ಲಿ ‘ಸ್ಟಾರ್ಟ್’ ಮಾತ್ರ ಬದಲಾಗುತ್ತದೆ: ‘ಕಿಕ್‌ಸ್ಟಾರ್ಟೆಡ್’. ಪರೀಕ್ಷೆಯಲ್ಲಿ ‘ಕಿಕ್ಡ್ ಸ್ಟಾರ್ಟ್’ ಎಂದು ಬರೆದವರಿದ್ದಾರೆ.

ಇದರ ಅಣ್ಣತಮ್ಮನಂತಿರುವ ‘ಜಂಪ್‌ಸ್ಟಾರ್ಟ್’ ಪದ ಕಾರಿನಿಂದ ಬಂದದ್ದು. ಬ್ಯಾಟರಿ ಇಳಿದುಹೋದ ಕಾರಿಗೆ ಇನ್ನೊಂದು ಕಾರಿನ ಬ್ಯಾಟರಿಯಿಂದ ದಪ್ಪ ಕೇಬಲ್ ಜೋಡಿಸಿ ಸ್ಟಾರ್ಟ್ ಮಾಡುವುದು. ಅರ್ಥ ಹೆಚ್ಚುಕಡಿಮೆ ಒಂದೇ. ‘ಜಂಪ್ ದಿ ಗನ್’ ಎಂಬುದನ್ನು ಮಾತ್ರ ಇದರೊಂದಿಗೆ ಬೆರೆಸಬೇಡಿ. ಅದು ಓಟದ ಪಂದ್ಯದಲ್ಲಿ ಪಿಸ್ತೂಲು ಹಾರಿಸುವ ಮೊದಲೇ ಓಡಿದವನ ಕಥೆ. ಇನ್ನು ಪ್ರಯಾಣಿಕರೆಲ್ಲ ಇಳಿದು ಬಸ್ಸನ್ನು ನೂಕಿ ಹೊರಡಿಸುತ್ತಾರಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ‘ಪುಷ್‌ಸ್ಟಾರ್ಟ್’ ಎಂಬ ಪದವಿದೆ. ಆದರೆ ಆರ್ಥಿಕತೆಯನ್ನು ಯಾರಾದರೂ ಪುಷ್‌ಸ್ಟಾರ್ಟ್ ಮಾಡಿದರೆಂದು ನಾನಂತೂ ಎಲ್ಲೂ ಓದಿಲ್ಲ.