ಖಾಲಿ ಹೊಟ್ಟೆಯ ನೆಪದಲ್ಲಿ ಹೃದಯದ ಮಾತ್ರೆ ತಪ್ಪದಿರಲಿ

ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಷ್ಟೇ ಹೇಳಿ ಕಳಿಸಿದರೆ, ರೋಗಿ ತಿಂಡಿಯ ಜತೆಗೆ ಬೆಳಗಿನ ಮಾತ್ರೆಯನ್ನೂ ಬಿಟ್ಟು ಬರುವುದು ಸಹಜ. ಆ ಮಾತ್ರೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಆಗಿದ್ದರೆ ಇದು ಸಣ್ಣ ವಿಷಯವಲ್ಲ. ಇವು ಅಡ್ರಿನಾಲಿನ್ನಿನ ಹೊಡೆತವನ್ನು ತಡೆದು ಹೃದಯದ ಬಡಿತ ತಗ್ಗಿಸುತ್ತವೆ. ಬಹುಕಾಲ ನುಂಗುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಬಡಿತವೂ ರಕ್ತದೊತ್ತಡವೂ ಜಿಗಿದು, ಎದೆನೋವು, ಹೃದಯಾಘಾತಕ್ಕೂ ದಾರಿಯಾಗಬಹುದು. ಶಸ್ತ್ರಚಿಕಿತ್ಸೆಯ ನೋವಿನಿಂದ ಅಡ್ರಿನಾಲಿನ್ ಉಕ್ಕುವ ಹೊತ್ತಿನಲ್ಲೇ ನಾವು ಆ ತಡೆಯನ್ನು ತೆಗೆದಂತಾಗುತ್ತದೆ.

ಹಾಗಿದ್ದರೆ ಆಪರೇಷನ್ನಿಗೆ ಹೋಗುವ ಎಲ್ಲರಿಗೂ ಇದನ್ನು ಕೊಟ್ಟುಬಿಡಬಹುದಲ್ಲ? ವೈದ್ಯಲೋಕವೂ ಒಂದು ಕಾಲಕ್ಕೆ ಹೆಚ್ಚುಕಡಿಮೆ ಹೀಗೇ ಯೋಚಿಸಿತ್ತು. 2008ರಲ್ಲಿ ಪ್ರಕಟವಾದ ‘ಪಾಯ್ಸ್’ ಅಧ್ಯಯನದಲ್ಲಿ 23 ದೇಶಗಳ 8,351 ರೋಗಿಗಳಿದ್ದರು. ಹೃದಯೇತರ ಶಸ್ತ್ರಚಿಕಿತ್ಸೆಗೆ ಕೆಲವೇ ಗಂಟೆ ಮುಂಚೆ ಅರ್ಧದಷ್ಟು ಮಂದಿಗೆ ಮೆಟೊಪ್ರೊಲಾಲ್ ಶುರುಮಾಡಲಾಯಿತು. ಅವರಲ್ಲಿ ಹೃದಯಾಘಾತ ಶೇ 5.7ರಿಂದ 4.2ಕ್ಕೆ ಇಳಿಯಿತು, ನಿಜ. ಆದರೆ ಸಾವು ಶೇ 2.3ರಿಂದ 3.1ಕ್ಕೇರಿತು, ಪಾರ್ಶ್ವವಾಯು ಇಮ್ಮಡಿಯಾಯಿತು. ಬಿಪಿ ತೀರಾ ಕುಸಿದದ್ದು ಇದಕ್ಕೆ ಮುಖ್ಯ ಕಾರಣವಾಗಿ ಕಂಡಿತು. ಈ ಔಷಧದ ಪರವಾಗಿ ಬಲವಾದ ಸಾಕ್ಷ್ಯ ಒದಗಿಸಿದ್ದ ಡಚ್ ಅಧ್ಯಯನಗಳ ಮುಖ್ಯ ಸಂಶೋಧಕರನ್ನು ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರ 2011ರಲ್ಲಿ ಸಂಶೋಧನಾ ಅಕ್ರಮಕ್ಕಾಗಿ ವಜಾ ಮಾಡಿತು. ಮಾರ್ಗಸೂಚಿಗಳು ಈಗ ಹೇಳುವುದಿಷ್ಟು: ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಲಿ, ಆಪರೇಷನ್ ದಿನ ಹೊಸದಾಗಿ ಶುರುಮಾಡುವುದು ಬೇಡ.

ಪಾಯ್ಸ್ ಫಲಿತಾಂಶ ತೋರಿಸಿ, ‘ಅಪಾಯವಿರುವ ಮಾತ್ರೆಯನ್ನು ಬಿಡುವುದೇ ವಾಸಿ’ ಎನ್ನುವವರಿದ್ದಾರೆ. ಆದರೆ ಆ ಅಧ್ಯಯನ ನಡೆದದ್ದು ಈ ಮಾತ್ರೆ ತೆಗೆದುಕೊಳ್ಳದೇ ಇದ್ದವರ ಮೇಲೆ. ಅದರಿಂದ ನಿಲ್ಲಿಸುವ ಪಾಠ ಕಲಿಯಲಾಗದು. ಖಾಲಿ ಹೊಟ್ಟೆಯ ನಿಯಮವೂ ಅಡ್ಡಿಯಲ್ಲ, ಮಾತ್ರೆಗೊಂದು ಗುಟುಕು ನೀರಿಗೆ ಸಾಮಾನ್ಯವಾಗಿ ಅವಕಾಶವಿದೆ. ನಾಡಿ ಅಥವಾ ಬಿಪಿ ತೀರಾ ಕೆಳಗಿದ್ದರೆ ಆ ದಿನದ ಡೋಸ್ ತಡೆಯುವ ತೀರ್ಮಾನ ಅರಿವಳಿಕೆ ತಜ್ಞರದು, ರೋಗಿಯದಲ್ಲ. ‘ಹಾಗಾದರೆ ಎಲ್ಲ ಮಾತ್ರೆ ನುಂಗಿಬಿಡಿ’ ಎನ್ನುವಂತೆಯೂ ಇಲ್ಲ. ರಕ್ತ ತೆಳುವಾಗಿಸುವ ಕೆಲವು ಔಷಧಗಳನ್ನು ದಿನಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ಹೃದಯ ವೈಫಲ್ಯಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್ ಅನ್ನು ಮೂರು ದಿನ ಮುಂಚೆ. ಹೊಸ ಸ್ಟೆಂಟ್ ಇದ್ದವರು ಮಾತ್ರ ಕೇಳದೆ ಏನನ್ನೂ ಬಿಡುವಂತಿಲ್ಲ. ಇಷ್ಟೆಲ್ಲ ವ್ಯತ್ಯಾಸವನ್ನು ಬಾಯಿಮಾತಿಗೆ ಬಿಡುವುದು ಆಸ್ಪತ್ರೆಗಳ ಸೋಮಾರಿತನವೆಂದೇ ನನಗನಿಸುತ್ತದೆ. ಯಾವ ಮಾತ್ರೆ ನುಂಗಬೇಕು, ಯಾವುದನ್ನು ಎಂದಿನಿಂದ ಬಿಡಬೇಕು, ಆಪರೇಷನ್ ಆದಮೇಲೆ ಮತ್ತೆ ಯಾವಾಗ ಆರಂಭಿಸಬೇಕು ಎಂಬುದನ್ನು ದಾಖಲಾತಿ ಚೀಟಿಯಲ್ಲೇ ಕನ್ನಡದಲ್ಲಿ ಬರೆದು, ಕೆಳಗೆ ವೈದ್ಯರು ಸಹಿ ಹಾಕಲಿ.