ನೀರಿಗೂ ಡೀಸೆಲ್ ಸುಡುವ ಜಿಲ್ಲೆ

ಬಂಡೀಪುರದ ಕಾಡಿನ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ರಸ್ತೆಗಳ ರಾತ್ರಿ ಸಂಚಾರದ ಮಾತು ಮತ್ತೆ ಎದ್ದಿದೆ. ಅದರ ಹಿಂದುಮುಂದು ಈ ಅಂಕಣ ಓದುವವರಿಗೆ ಬಾಯಿಪಾಠ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳ ರಾತ್ರಿ ಸಂಚಾರ ನಿಷೇಧದ ಆದೇಶ, ಹೈಕೋರ್ಟಿನ ಬೆಂಬಲ, ಸುಪ್ರೀಂ ಕೋರ್ಟಿನ ಮೆಟ್ಟಿಲು, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಗೇಟು ಬಂದ್. ಕೇರಳದಲ್ಲಿ ಚುನಾವಣೆಯ ಗಾಳಿ ಬೀಸಿದಾಗಲೆಲ್ಲ ಆ ಗೇಟಿನ ಬೀಗದಕೈ ಹುಡುಕುವವರು ಹೆಚ್ಚುತ್ತಾರೆ. ಅದು ಹಳೇ ರಾಗ, ಕೇಳಿ ಕೇಳಿ ಕಿವಿ ಮರಗಟ್ಟಿದೆ.

ಈ ವಾರ ನನ್ನ ಪಿತ್ತ ಕೆರಳಿಸಿದ್ದು ಆ ರಾಗಕ್ಕೆ ಬಳಿದ ಹಸಿರು ಬಣ್ಣ. ನನ್ನ ಭಾವಮೈದ ಬೆಂಗಳೂರಿನವನು, ಎಲೆಕ್ಟ್ರಿಕ್ ಕಾರು ಕೊಂಡು ಇನ್ನೂ ಪೂಜೆಯ ಕುಂಕುಮ ಆರಿಲ್ಲ. ಹರದನಹಳ್ಳಿಯ ದಿವ್ಯಲಿಂಗೇಶ್ವರನಿಗೆ ಹಣ್ಣುಕಾಯಿ ಮಾಡಿಸಿ, ನಮ್ಮ ಮನೆಯಲ್ಲಿ ಊಟ ಮುಗಿಸಿ, ಊಟಿಗೆ ಹೊರಟಿದ್ದ. ಒಂಬತ್ತರೊಳಗೆ ಕಾಡು ದಾಟಬೇಕು ಅಂದದ್ದೇ ತಡ, ಶುರು ಮಾಡಿದ. ‘ಅಲ್ಲ ಭಾವ, ನನ್ನ ಗಾಡಿಗೆ ಹೊಗೆ ಇಲ್ಲ, ಸದ್ದಿಲ್ಲ. ಡೀಸೆಲ್ ಲಾರಿಗೆ ಹಾಕಿದ ರೂಲ್ಸು ನನಗ್ಯಾಕೆ? ಹಸಿರು ನಂಬರ್ ಪ್ಲೇಟಿನವರನ್ನಾದರೂ ರಾತ್ರಿ ಬಿಡಬೇಕಪ್ಪ.’ ಇಂಥ ಜಾಣತನ ಅವನೊಬ್ಬನದಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮಾರನೆಯ ದಿನ ಚಾಮರಾಜನಗರದ ಟೀ ಅಂಗಡಿಯಲ್ಲೂ ಒಬ್ಬ ವಿದ್ಯಾವಂತ ಇದೇ ಮಾತು ಆಡಿದ.

ಅಯ್ಯಾ, ಜಿಂಕೆ ಸಾಯುವುದು ಹೊಗೆ ಕುಡಿದಲ್ಲ, ಗಾಡಿ ಗುದ್ದಿ. ರಸ್ತೆಯ ನಡುವೆ ಮರಿ ನಿಲ್ಲಿಸಿಕೊಂಡು ನಿಂತ ಆನೆಗೆ ನಿಮ್ಮ ಹೆಡ್‌ಲೈಟು ಡೀಸೆಲ್ಲಿನದೋ ಬ್ಯಾಟರಿಯದೋ ಅನ್ನುವ ತಾರತಮ್ಯವಿಲ್ಲ. ಸದ್ದಿಲ್ಲದೆ ಬರುವ ಗಾಡಿ ಕಾಡಿನ ಪ್ರಾಣಿಗೆ ಉಪಕಾರ ಅಂತ ಯಾರು ಹೇಳಿದರು? ಬಂಡೀಪುರದಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಡೆದುಬಂದ ಅತ್ಯಂತ ಹಸಿರಾದ ಸಾರಿಗೆ ಯೋಜನೆ ಯಾವುದೆಂದರೆ ಒಂಬತ್ತು ಗಂಟೆ ಗಾಡಿ ಓಡಿಸದಿರುವುದು. ಒಂದು ಗೇಟು, ಇಬ್ಬರು ಗಾರ್ಡು, ಒಂದು ಆದೇಶ. ಬ್ಯಾಟರಿ ಬೇಡ, ಸಬ್ಸಿಡಿ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಆ ಕಡೆ ತಮಿಳುನಾಡಿನ ದಿಂಬಂ ಘಾಟಿನ 27 ತಿರುವುಗಳಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಇದನ್ನೇ ಮಾಡಿಸಿತು. ಲಾರಿ ಮಾಲೀಕರು ಕೂಗಾಡಿದರು, ಸತ್ಯಮಂಗಲದ ವ್ಯಾಪಾರ ಮುಳುಗಿಹೋಯಿತು ಅಂದರು. ವ್ಯಾಪಾರ ಇದ್ದಲ್ಲೇ ಇದೆ. ಕಬ್ಬಿನ ಲಾರಿ ಈಗಲೂ ಹೋಗುತ್ತದೆ, ಕಾರೆಪಾಳ್ಯದ ಚೆಕ್‌ಪೋಸ್ಟಿನ ಬಳಿ ಆನೆ ಅಡ್ಡಗಟ್ಟಿ ತನ್ನ ಪಾಲು ಎಳೆದುಕೊಳ್ಳುತ್ತದೆ.

ಗೇಟಿನಾಚೆ ಕೇರಳದ ವಯನಾಡಿನವರ ತೊಂದರೆ ಸುಳ್ಳಲ್ಲ. ಆಸ್ಪತ್ರೆಗೆ ಹೋಗುವವರಿಗೆ ಆಂಬುಲೆನ್ಸು ಇದೆ, ಎಣಿಸಿದಷ್ಟು ಸರ್ಕಾರಿ ಬಸ್ಸುಗಳಿಗೆ ರಾತ್ರಿಯೂ ದಾರಿ ಇದೆ, ಹುಣಸೂರು–ಗೋಣಿಕೊಪ್ಪ–ಕುಟ್ಟದ ಸುತ್ತುದಾರಿ ಇದೆ. ತೆರಕಣಾಂಬಿಯ ಮಾರುಕಟ್ಟೆಯಿಂದ ಬದನೆಕಾಯಿ, ಬೀನ್ಸು, ಎಲೆಕೋಸು ತುಂಬಿಕೊಂಡು ಹೋಗುವ ಗಾಡಿಗಳು ಗೇಟಿನ ಹೊತ್ತಿಗೆ ತಕ್ಕಂತೆ ಹೊರಡುವುದನ್ನು ಯಾವಾಗಲೋ ಕಲಿತವು. ತರಕಾರಿಯವನು ಕಲಿತದ್ದನ್ನು ಊಟಿಗೆ ಹೋಗುವ ನನ್ನ ಭಾವಮೈದ ಕಲಿಯಲಾರ.

ಹೋಗಲಿ. ಹಸಿರು ಅಂದರೆ ಕಾರು ಅಂತ ಯಾರು ಇವರ ತಲೆಗೆ ತುಂಬಿದರು? ಕರ್ನಾಟಕ 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ, ಒಪ್ಪೋಣ. ಕೆಎಸ್‌ಆರ್‌ಟಿಸಿಯವರು 2023ರಲ್ಲಿ ಬೆಂಗಳೂರು–ಮೈಸೂರಿಗೆ ತಣ್ಣಗಿನ ಎಲೆಕ್ಟ್ರಿಕ್ ಬಸ್ ಬಿಟ್ಟರು, ಅದೂ ಸಂತೋಷ. ನಾನೂ ಹತ್ತಿದ್ದೇನೆ, ಸೊಗಸಾಗಿದೆ. ಆದರೆ ಹರದನಹಳ್ಳಿಯ ನಿಲ್ದಾಣದಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿ. ಚಾಮರಾಜನಗರ ನಾಲ್ಕೈದು ಕಿಲೋಮೀಟರು. ಕಾಲೇಜಿನ ಹುಡುಗಿಯರು ಬ್ಯಾಗು ಎದೆಗವಚಿಕೊಂಡು, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಒಳಗಿರುವವರು ‘ಜಾಗ ಇಲ್ಲ ಕಣವ್ವ’ ಅನ್ನುತ್ತಾರೆ, ಕಂಡಕ್ಟರು ‘ಒಳಕ್ಕೆ ನಡೀರಿ’ ಅನ್ನುತ್ತಾನೆ. ಮೂಲೆಯ ಕಟ್ಟೆಯ ಮೇಲೆ ಕೂತ ಅಜ್ಜಿಯೊಬ್ಬರನ್ನು ಮುಂದಿನ ಬಸ್ಸು ಎಷ್ಟಕ್ಕೆ ಅಂತ ಕೇಳಿದೆ. ‘ಬಂದಾಗ ಬತ್ತದ ಕಣಪ್ಪ’ ಅಂದರು. ಇದಕ್ಕಿಂತ ಖಚಿತವಾದ ವೇಳಾಪಟ್ಟಿ ಯಾವ ಆಪ್‌ನಲ್ಲೂ ಸಿಗಲಿಲ್ಲ.

2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿದ ಶಕ್ತಿ ಯೋಜನೆ ಶುರುವಾದಾಗ ಮೂಗು ಮುರಿದವರಲ್ಲಿ ಪರಿಸರಪ್ರೇಮಿಗಳೂ ಇದ್ದರು. ಹೆಂಗಸರು ಸುಮ್ಮನೆ ಊರು ಸುತ್ತುತ್ತಾರೆ ಅಂತ ಅವರ ಸಂಕಟ. ನನ್ನ ಲೆಕ್ಕದಲ್ಲಿ ಈ ರಾಜ್ಯ ಇತ್ತೀಚೆಗೆ ತಂದ ದೊಡ್ಡ ಹಸಿರು ಸಾರಿಗೆ ಯೋಜನೆ ಅದೇ. ಐವತ್ತು ಜನ ಒಂದು ಬಸ್ಸು ಹತ್ತಿದರೆ ಎಷ್ಟು ಮೊಪೆಡ್ಡು, ಎಷ್ಟು ಆಟೊ ಮನೆಯಲ್ಲೇ ಉಳಿಯುತ್ತವೆ ಅನ್ನುವುದಕ್ಕೆ ವಿಜ್ಞಾನಿ ಬೇಕಿಲ್ಲ. ಆಗಬೇಕಾಗಿದ್ದದ್ದು ಬಸ್ಸಿನ ಸಂಖ್ಯೆ ಅದಕ್ಕೆ ತಕ್ಕಂತೆ ಏರುವುದು. ಟಿಕೆಟ್ಟು ಬಿಟ್ಟಿ ಕೊಟ್ಟರು, ನಿಲ್ಲಲು ಜಾಗ ಕೊಡಲಿಲ್ಲ. ಹುಡುಗರು ಬೇಸತ್ತು ಅಪ್ಪನ ಜೀವ ತಿಂದು ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುತ್ತಾರೆ. ಆಮೇಲೆ ಅದೇ ಹುಡುಗರಿಗೆ ಕಾಲೇಜಿನಲ್ಲಿ ‘ಪಳೆಯುಳಿಕೆ ಇಂಧನದ ಅಪಾಯ’ ಅಂತ ಪ್ರಬಂಧ ಸ್ಪರ್ಧೆ!

ಇನ್ನು ನನ್ನ ಹಳೇ ಹುಚ್ಚಿಗೆ ಬರುತ್ತೇನೆ, ಓದುಗರು ಕ್ಷಮಿಸಬೇಕು, ಅಥವಾ ಮುಂದಿನ ಎರಡು ಪ್ಯಾರಾ ಬಿಟ್ಟು ಓದಬೇಕು. ರೈಲು.

ಮೈಸೂರಿನಿಂದ ನಂಜನಗೂಡಿಗೆ ಹಳಿ ಬಂದದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರಕ್ಕೆ ಬರಲು ಮತ್ತೆ ಮೂವತ್ತೈದು ವರ್ಷ ಹಿಡಿಯಿತು, 1926ರಲ್ಲಿ ಬಂತು. ಬಂದದ್ದು ಅಲ್ಲೇ ನಿಂತಿತು. ಕವಲಂದೆ, ಬದನಗುಪ್ಪೆ, ಮರಿಯಾಲ, ಚಾಮರಾಜನಗರ, ಅಷ್ಟೆ, ಮುಂದೆ ಗೋಡೆ. ಹಳಿ ಅಗಲವಾಯಿತು, ತಿರುಪತಿಗೆ ಗಾಡಿ ಬಂತು, ತಿಮ್ಮಪ್ಪ ದೊಡ್ಡವನು. ಆದರೆ ಒಂದೇ ಹಳಿ, ಬೆರಳೆಣಿಕೆಯ ಗಾಡಿಗಳು. ಬೆಳಗ್ಗೆ ಮೈಸೂರಿನ ಆಸ್ಪತ್ರೆಗೆ ಹೋಗುವವರು, ಕಚೇರಿಗೆ ಹೋಗುವವರು, ಬಾಳೆಗೊನೆ ಸಾಗಿಸುವವರು ಎಲ್ಲ ರಸ್ತೆಗೇ ಬೀಳಬೇಕು. ಪ್ರತಿ ಚುನಾವಣೆಯಲ್ಲೂ ಒಬ್ಬರು ಎದ್ದುನಿಂತು ಮೆಟ್ಟುಪಾಳ್ಯದವರೆಗೆ ರೈಲು ಬಿಡಿಸುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ನಂಜನಗೂಡಿನಿಂದ ನಿಲಂಬೂರಿಗೆ ಅನ್ನುತ್ತಾರೆ. ಎರಡಕ್ಕೂ ನಡುವೆ ಕಾಡು ಅಡ್ಡ, ಅಡ್ಡ ಇರುವುದೇ ಸರಿ. ರೈಲಿನ ಹುಚ್ಚಿದ್ದೂ ನಾನು ಹೀಗೆ ಹೇಳುತ್ತಿದ್ದೇನೆ ಅಂದರೆ ನಂಬಿ. ಒಂದು ಪಕ್ಕ ಬಂಡೀಪುರ, ಇನ್ನೊಂದು ಪಕ್ಕ ಬಿಳಿಗಿರಿರಂಗನ ಬೆಟ್ಟ, ಆಚೆ ಸತ್ಯಮಂಗಲ, ಮೂರೂ ಹುಲಿಯ ಮನೆ. ಜಿಲ್ಲೆಯ ಹೆಚ್ಚುಕಡಿಮೆ ಅರ್ಧ ಕಾಡಾಗಿರುವಾಗ ಅದರ ಹೊಟ್ಟೆ ಸೀಳಿ ಹಳಿ ಹಾಕುವುದು ಹಸಿರೂ ಅಲ್ಲ, ಸಾರಿಗೆಯೂ ಅಲ್ಲ.

ನನ್ನ ಬೇಡಿಕೆ ಬಡವನದು. ಹಳಿ ಮುಂದಕ್ಕೆ ಹೋಗುವುದು ಬೇಡ, ಇರುವ ಹಳಿಯ ಮೇಲೆ ಗಾಡಿ ಓಡಿಸಿ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಷಟಲ್. ಸ್ಟೇಷನ್ನಿನ ಬಾಗಿಲಲ್ಲಿ ಹರದನಹಳ್ಳಿಗೆ, ಸಂತೇಮರಹಳ್ಳಿಗೆ, ಗುಂಡ್ಲುಪೇಟೆಗೆ ಬಸ್ಸು ಕಾದು ನಿಂತಿರಲಿ. ಆ ಬಸ್ಸು ಎಲೆಕ್ಟ್ರಿಕ್ ಆದರೆ ಆಯಿತು, ಡೀಸೆಲ್ಲಿನದಾದರೂ ಹತ್ತುತ್ತೇವೆ. ನಾವು ಹಟಮಾರಿಗಳಲ್ಲ.

ಈಗ ನೀರು. ಸಾರಿಗೆಯ ಮಾತಿನಲ್ಲಿ ನೀರು ಯಾಕೆ ಅಂತ ಬೆಂಗಳೂರಿನವರು ಕೇಳಿಯಾರು. ನಮ್ಮ ಕಡೆ ನೀರೂ ಗಾಡಿಯಲ್ಲೇ ಓಡಾಡುತ್ತದೆ ಸ್ವಾಮಿ. ನಮ್ಮ ಸುತ್ತಿನ ಒಂದು ಊರಿನಲ್ಲಿ ಕಂಡದ್ದು. ಶುದ್ಧ ಕುಡಿಯುವ ನೀರಿನ ಘಟಕ, ನೀಲಿ ಶೀಟಿನ ಕೋಣೆ, ಐದು ರೂಪಾಯಿ ಬಿಲ್ಲೆ ಹಾಕಿದರೆ ಇಪ್ಪತ್ತು ಲೀಟರು. ಬಿಲ್ಲೆ ನುಂಗುವ ಸೀಳಿಗೆ ಯಾರೋ ಇನ್ಸುಲೇಷನ್ ಟೇಪು ಸುತ್ತಿದ್ದಾರೆ, ಬಾಗಿಲಿಗೆ ಜೇಡ ಬಲೆ ಕಟ್ಟಿದೆ, ಗೋಡೆಯ ಮೇಲೆ ಉದ್ಘಾಟಿಸಿದವರ ಹೆಸರು ಮಾತ್ರ ಫಳಫಳ ಹೊಳೆಯುತ್ತಿದೆ. ಘಟಕ ಕೆಟ್ಟಿತು ಅಂತ ಆ ಊರಿನವರು ಟಿವಿಎಸ್ ಎಕ್ಸೆಲ್ಲಿಗೆ ಮುಂದೊಂದು ಹಿಂದೊಂದು ಕ್ಯಾನು ಕಟ್ಟಿಕೊಂಡು ಪಕ್ಕದೂರಿಗೆ ಹೋಗುತ್ತಾರೆ. ಕಾಸಿದ್ದವರ ಮನೆಗೆ ಲಗೇಜ್ ಆಟೊ ಕ್ಯಾನು ತಂದು ಹಾಕುತ್ತದೆ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟ್ಯಾಂಕರು. ಕುಡಿಯುವ ನೀರಿಗೂ ಪೆಟ್ರೋಲು ಡೀಸೆಲ್ಲು ಸುಡುವ ಜನರಿಗೆ ಹಸಿರು ಸಾರಿಗೆಯ ಭಾಷಣ!

ಕ್ಯಾನು ಯಾಕೆ ಬೇಕಾಯಿತು ಅನ್ನುವುದು ಅದಕ್ಕಿಂತ ಕಹಿ. ನಮ್ಮ ಬೋರ್‌ವೆಲ್ಲುಗಳ ನೀರಿನಲ್ಲಿ ಹಲವೆಡೆ ಫ್ಲೋರೈಡು ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲಿಗೆ ಕಂದು ಕಲೆ, ಅದಕ್ಕೂ ಮೀರಿ ವರ್ಷಗಟ್ಟಲೆ ಕುಡಿದರೆ ಮೂಳೆ ಸೆಡೆತ. ಕೆರೆ ಒಣಗಿತು, ಬಾವಿ ಬತ್ತಿತು, ತಿರುಚೆಂಗೋಡಿನ ಬೋರ್‌ವೆಲ್ ಲಾರಿ ಬಂತು. ರಾತ್ರಿಯಿಡೀ ಅದರ ಕಂಪ್ರೆಸರು ಬೊಬ್ಬಿಡುತ್ತದೆ, ಡೀಸೆಲ್ಲಿನ ಹೊಗೆ ಊರ ಮೇಲೆ ನಿಲ್ಲುತ್ತದೆ, ಬೆಳಗಾಗುವ ಹೊತ್ತಿಗೆ ಬಿಳಿ ಕಲ್ಲುಪುಡಿಯ ಗುಡ್ಡೆ ಮತ್ತು ರೈತನ ಕೈಯಲ್ಲಿ ಬಿಲ್ಲು. ಕಲ್ಲಿನ ಆಳದಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಫ್ಲೋರೈಡು ಹೀರಿಕೊಂಡೇ ಮೇಲೆ ಬರುತ್ತದೆ. ಅದನ್ನು ತೆಗೆಯಲು ಆರ್‌ಓ ಯಂತ್ರ. ಆರ್‌ಓ ಒಂದು ಕೊಡ ಶುದ್ಧ ನೀರು ಕೊಡಬೇಕಾದರೆ ಒಂದು ಕೊಡವೋ ಇನ್ನೂ ಹೆಚ್ಚೋ ಚರಂಡಿಗೆ ಚೆಲ್ಲುತ್ತದೆ, ತೆಗೆದ ಫ್ಲೋರೈಡನ್ನೆಲ್ಲ ಆ ಚರಂಡಿಯ ನೀರಿಗೇ ತುಂಬಿ. ಅದು ಮತ್ತೆ ಮಣ್ಣಿಗೆ. ಇದಕ್ಕೆ ‘ಶುದ್ಧ’ ಅಂತ ಹೆಸರಿಟ್ಟವನಿಗೆ ದೊಡ್ಡ ನಮಸ್ಕಾರ.

ಮಾಡಬೇಕಾದ ಕೆಲಸ ಗೊತ್ತಿಲ್ಲದ್ದೇನಲ್ಲ. ನಂಜನಗೂಡು ತಾಲ್ಲೂಕಿನ ಆಲಂಬೂರಿನಲ್ಲಿ ಕಪಿಲೆಯ ನೀರು ಎತ್ತಿ ಚಾಮರಾಜನಗರ, ಗುಂಡ್ಲುಪೇಟೆಯ ಕೆರೆಗಳಿಗೆ ಹರಿಸುವ ಯೋಜನೆ ಇದೆ. ಪಂಪು ಓಡಿದ ವರ್ಷ ಹುತ್ತೂರಿನ ಕೆರೆ ಕಣ್ಣಿಗೆ ಹಬ್ಬ. ಕೆರೆ ತುಂಬಿದರೆ ಸುತ್ತಲ ಬಾವಿಯಲ್ಲಿ ನೀರೇರುತ್ತದೆ, ಬೋರ್‌ವೆಲ್ ಲಾರಿ ಬೇರೆ ಊರು ನೋಡಿಕೊಳ್ಳುತ್ತದೆ. ಇತ್ತ ಅಟ್ಟುಗುಳಿಪುರದ ಬಳಿ ಸುವರ್ಣಾವತಿ ಜಲಾಶಯ, ಪಕ್ಕದಲ್ಲೇ ಚಿಕ್ಕಹೊಳೆ. ಕಾಲುವೆಯ ಹೂಳು ತೆಗೆದು ನೀರನ್ನು ಕೊನೆಯ ಹೊಲದವರೆಗೆ ಬಿಟ್ಟರೆ, ಕೆರೆಯ ಒತ್ತುವರಿ ತೆರವು ಮಾಡಿದರೆ, ಅದೇ ಡೀಸೆಲ್ ಉಳಿತಾಯ. ಆದರೆ ಹೂಳು ತೆಗೆಯುವುದಕ್ಕೆ ರಿಬ್ಬನ್ ಕಟ್ ಮಾಡಲು ಬರುವುದಿಲ್ಲವಲ್ಲ!

ಹೊಟ್ಟೆಯುರಿಗೆ ಇನ್ನೊಂದು ಕಾರಣ ಉಂಟು. ಹೊಗೆಯಿಲ್ಲದ ಕರೆಂಟು ಅಂದರೆ ಏನೆಂದು ನಮಗೆ ಪಾಠ ಹೇಳಲು ಬರುವವರು ಶಿವನಸಮುದ್ರವನ್ನು ಮರೆಯುತ್ತಾರೆ. ನಮ್ಮ ಜಿಲ್ಲೆಯ ಅಂಚಿನಲ್ಲಿ ಕಾವೇರಿ ಧುಮುಕುವ ಕಡೆ 1902ರಲ್ಲೇ ನೀರಿನಿಂದ ವಿದ್ಯುತ್ ತೆಗೆದರು. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕಂಡ ಕನಸು, ಅದು ನನಸಾಗುವ ಮುಂಚೆಯೇ ಅವರು ತೀರಿಕೊಂಡಿದ್ದರು. ಆ ಕರೆಂಟು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯ ಮಸಿ ಅದಾಗಿ ಎಷ್ಟೋ ದಶಕ ಗೋಡೆಯ ಮೇಲಿತ್ತು. ನೀರಿನದೂ ಅದೇ ಕತೆ. ಶಿವನಸಮುದ್ರದ ಮಗ್ಗುಲಿನಿಂದ, ತೊರೆಕಾಡನಹಳ್ಳಿಯ ಪಂಪುಗಳ ಮೂಲಕ ಕಾವೇರಿ ಸುಮಾರು ನೂರು ಕಿಲೋಮೀಟರು ಗುಡ್ಡ ಹತ್ತಿ ಬೆಂಗಳೂರಿಗೆ ಹೋಗುತ್ತಾಳೆ. 2024ರ ಅಕ್ಟೋಬರಿನಲ್ಲಿ ಆ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರಿಗೆ ದಾರಿಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ದಿನ, ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ರಸ್ತೆ ಇಲ್ಲ, ನೀರಿಲ್ಲ ಎಂಬ ಸಿಟ್ಟು ಮತಗಟ್ಟೆಯನ್ನೇ ಧ್ವಂಸ ಮಾಡುವ ಮಟ್ಟಕ್ಕೆ ಹೋಯಿತು, ಮರುಮತದಾನ ನಡೆಯಿತು. ಮತಯಂತ್ರ ಒಡೆದದ್ದು ತಪ್ಪು. ಆ ತಪ್ಪಿಗೆ ಕೇಸು ಬಿತ್ತು. ನೀರು ಕೊಡದ ತಪ್ಪಿಗೆ ಯಾವ ಸೆಕ್ಷನ್ನು?

ಭಾವಮೈದನ ಕಾರಿನ ಮೇಲೆ ನನಗೆ ಹಗೆಯಿಲ್ಲ. ರಾಯಚೂರಿನ ಕಲ್ಲಿದ್ದಲು ಅದರ ಬ್ಯಾಟರಿಯೊಳಗೂ ಒಂದಿಷ್ಟು ಇದೆ ಅಂದಾಗ ಮುಖ ಸಣ್ಣಗೆ ಮಾಡಿಕೊಂಡ, ಆದರೂ ಡೀಸೆಲ್ ಕಾರಿಗಿಂತ ಅದು ಮೇಲು ಅನ್ನುವುದನ್ನು ನಾನೇ ಒಪ್ಪುತ್ತೇನೆ. ಒಪ್ಪದಿರುವುದು ಇಷ್ಟೆ: ಒಬ್ಬನ ಸುಖಕ್ಕೆ ಹಸಿರು ಅಂತ ಹೆಸರಿಟ್ಟು, ನೂರು ಜನರ ಬಸ್ಸು ನೀರಿನ ಮಾತು ಬಂದಾಗ ಅನುದಾನ ಇಲ್ಲ ಅನ್ನುವುದು.

ಚಾಮರಾಜನಗರದ ರೈಲಿಗೆ ಈ ವರ್ಷ ನೂರು ತುಂಬುತ್ತದೆ. ಎಂಜಿನ್ನಿಗೆ ಹಾರ, ಸ್ಟೇಷನ್ನಿಗೆ ತಳಿರು ತೋರಣ, ವೇದಿಕೆಯ ಮೇಲೆ ಹಸಿರು ಶಾಲು ಎಲ್ಲ ನಡೆಯಲಿ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಅನ್ನುವ ಮೂಢನಂಬಿಕೆಗೆ ಹೆದರುವ ಕಾಲವೂ ಮುಗಿಯಿತು, ಮಂತ್ರಿಗಳು ಧೈರ್ಯವಾಗಿ ಬರಬಹುದು. ಮೈಸೂರಿನಲ್ಲಿ ಟಿಕೆಟ್ಟು ತಗೊಂಡು ರೈಲಿನಲ್ಲೇ ಬನ್ನಿ, ಇಳಿದ ಮೇಲೆ ನಮ್ಮ ನಲ್ಲಿಯ ನೀರೇ ಕುಡಿಯಿರಿ. ಇನ್ನೋವಾಗಳ ಸಾಲಿನಲ್ಲಿ ಬಂದು, ಪ್ಲಾಸ್ಟಿಕ್ ಬಾಟಲಿ ಮುಂದಿಟ್ಟುಕೊಂಡು ಹಸಿರಿನ ಭಾಷಣ ಮಾಡುವುದಾದರೆ ದಯವಿಟ್ಟು ಮೈಸೂರಿನಲ್ಲೇ ಮಾಡಿ ಮುಗಿಸಿ, ಅಷ್ಟು ಡೀಸೆಲ್ಲಾದರೂ ಉಳಿಯುತ್ತದೆ.