ಕೊಂದವನ ಮನೆಯೂ ಸಾವಿನ ಮನೆಯೇ

ಅಮೆರಿಕದ ಯಾವುದೋ ಶಾಲೆಯಲ್ಲೋ ಚರ್ಚಿನಲ್ಲೋ ಅಂಗಡಿಯಲ್ಲೋ ಗುಂಡು ಹಾರಿದ ಸುದ್ದಿ ಬಂದ್ರೆ ಮುಂದೇನಾಗುತ್ತೆ ಅನ್ನೋದು ಈಗ ನಮಗೆಲ್ಲ ಬಾಯಿಪಾಠ. ರಾಜಕಾರಣಿಗಳು "ನಮ್ಮ ಪ್ರಾರ್ಥನೆ ನಿಮ್ಮ ಜೊತೆಗಿದೆ" ಅಂತಾರೆ. ಒಬ್ಬರು ಬಂದೂಕು ನಿಷೇಧಿಸಿ ಅಂದ್ರೆ, ಇನ್ನೊಬ್ಬರು ಮೇಷ್ಟ್ರುಗಳ ಕೈಗೂ ಬಂದೂಕು ಕೊಡಿ ಅಂತಾರೆ. ಟೀವಿಯಲ್ಲಿ ಒಂದು ವಾರ ಜಗಳ, ಆಮೇಲೆ ಎಲ್ಲ ತಣ್ಣಗೆ. ನಮ್ಮ ಟೀಮಿನ ಅರ್ಧ ಜನ ಅಲ್ಲಿನ ಆಫೀಸಿನಲ್ಲಿದ್ದಾರೆ. ಇಂಥ ಸುದ್ದಿ ಬಂದ ದಿನ ರಾತ್ರಿಯ ಕಾಲ್ ಶುರುವಾದಾಗ ಸ್ವಲ್ಪ ಹೊತ್ತು ಯಾರೂ ಮಾತಾಡೋದಿಲ್ಲ. ಕೊನೆಗೆ ಯಾರೋ ಒಬ್ಬರು "ಸರಿ, ಸ್ಟೇಟಸ್ ನೋಡೋಣ" ಅಂತಾರೆ, ಅಷ್ಟೇ.

ಈ 'ಪ್ರಾರ್ಥನೆ' ಅನ್ನೋ ಮಾತು ಅಲ್ಲಿ ಹೆಚ್ಚುಕಮ್ಮಿ ಗೇಲಿಯ ಮಾತಾಗಿಬಿಟ್ಟಿದೆ. ಏನೂ ಮಾಡದೆ ಕೂತವರು ಹೇಳೋ ಮಾತು ಅಂತ. ತಮಾಷೆ ಅಂದ್ರೆ ಈ ದೂರು ಹೊಸದೇನಲ್ಲ, ಬೈಬಲ್ಲಿನಲ್ಲೇ ಇದೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರ ಅಂತ ಒಂದಿದೆ. ಮೈಗೆ ಬಟ್ಟೆಯಿಲ್ಲದೆ, ಹೊಟ್ಟೆಗೆ ಅನ್ನವಿಲ್ಲದೆ ಬಂದವನಿಗೆ ಬರೀ ಒಳ್ಳೇ ಮಾತು ಹೇಳಿ ಕಳಿಸೋ ನಂಬಿಕೆ ಸತ್ತ ನಂಬಿಕೆ ಅನ್ನೋದು ಅದರ ಸಾರ. ನಾನು ಕ್ರೈಸ್ತನಲ್ಲ. ಆದರೆ ಆ ನಂಬಿಕೆ ಬಾಯಿಂದ ಕೈಗಿಳಿದಾಗ ಹೇಗಿರುತ್ತೆ ಅಂತ ತೋರಿಸಿದ ಒಂದು ಘಟನೆ ಇದೆ. ಅದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

೨೦೦೬ರ ಅಕ್ಟೋಬರ್ ೨. ನಮಗಿಲ್ಲಿ ಗಾಂಧಿ ಜಯಂತಿಯ ರಜೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ನಿಕಲ್ ಮೈನ್ಸ್ ಅನ್ನೋ ಪುಟ್ಟ ಊರು. ಅಲ್ಲಿರೋರಲ್ಲಿ ಬಹಳ ಮಂದಿ ಆಮಿಶ್ ಜನ. ಕುದುರೆಗಾಡಿಯಲ್ಲಿ ಓಡಾಡೋ, ಮನೆಗೆ ಕರೆಂಟಿನ ಲೈನ್ ಎಳೆಸಿಕೊಳ್ಳದ, ತಮ್ಮ ಮಕ್ಕಳಿಗೆ ತಮ್ಮದೇ ಒಂದು ಕೋಣೆಯ ಶಾಲೆ ಕಟ್ಟಿಕೊಳ್ಳೋ ಕ್ರೈಸ್ತ ಪಂಗಡ. ಅಂಥ ಒಂದು ಶಾಲೆಗೆ ಬೆಳಿಗ್ಗೆ ೩೨ ವರ್ಷದ ಒಬ್ಬ ಬಂದೂಕುಗಳ ಜೊತೆ ನುಗ್ಗಿದ. ಅವನು ಆಮಿಶನಲ್ಲ, ಆದರೆ ಹೊರಗಿನವನೂ ಅಲ್ಲ. ಆ ಜನರ ಕೊಟ್ಟಿಗೆಗಳಿಂದಲೇ ಹಾಲು ತುಂಬಿಸಿಕೊಂಡು ಹೋಗೋ ಟ್ಯಾಂಕರಿನ ಡ್ರೈವರ್. ಹುಡುಗರನ್ನೂ ದೊಡ್ಡವರನ್ನೂ ಹೊರಗೆ ಕಳಿಸಿ, ಹುಡುಗಿಯರನ್ನು ಒಳಗೇ ಉಳಿಸಿಕೊಂಡ. ಪೊಲೀಸರು ಸುತ್ತುವರಿದ ಮೇಲೆ ಹತ್ತು ಹುಡುಗಿಯರಿಗೆ ಗುಂಡು ಹೊಡೆದು ತಾನೂ ಹೊಡೆದುಕೊಂಡ. ಐದು ಮಕ್ಕಳು ತೀರಿಕೊಂಡರು. ಹತ್ತೂ ಮಕ್ಕಳ ವಯಸ್ಸು ೬ರಿಂದ ೧೩. ಒಂಬತ್ತು ವರ್ಷಗಳ ಹಿಂದೆ ತನ್ನ ಮಗು ಹುಟ್ಟಿದ ಕೂಡಲೇ ಸತ್ತಿತ್ತು, ಅದಕ್ಕೆ ದೇವರ ಮೇಲೆ ಕೋಪ ಅಂತ ಅವನು ಹೆಂಡತಿಗೆ ಬರೆದಿಟ್ಟಿದ್ದ.

ಇಲ್ಲಿಯವರೆಗೆ ಇದು ಇನ್ನೊಂದು ಸುದ್ದಿ. ಮುಂದಿನದ್ದು ಹಾಗಲ್ಲ.

ಅದೇ ದಿನ ಕೆಲವು ಆಮಿಶ್ ಜನ ಕೊಂದವನ ಹೆಂಡತಿಯನ್ನು ಹುಡುಕಿಕೊಂಡು ಹೋದರು. ನಿನ್ನ ಮೇಲೆ ನಮಗೆ ಸಿಟ್ಟಿಲ್ಲ, ಊರು ಬಿಟ್ಟು ಹೋಗಬೇಡ ಅಂತ ಹೇಳೋದಕ್ಕೆ. ಇನ್ನೊಬ್ಬ ಆಮಿಶ್ ನೆರೆಯವರು ಅವನ ಅಪ್ಪನ ಮನೆಗೆ ಹೋಗಿ, ತಲೆ ಎತ್ತೋದಕ್ಕೂ ಆಗದೆ ಕೂತಿದ್ದ ಆ ನಿವೃತ್ತ ಪೊಲೀಸಿನವರ ಹೆಗಲ ಮೇಲೆ ಕೈಯಿಟ್ಟು ನಿಂತರು. ಆಮೇಲಿನ ದಿನಗಳಲ್ಲಿ ಆ ಮನೆಗೆ ಊಟ ಬಂತು. ಅವನ ಅಂತ್ಯಕ್ರಿಯೆಗೆ ಬಂದ ಸುಮಾರು ೭೫ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಆಮಿಶ್ ಜನ. ಅವರಲ್ಲಿ ಒಂದೆರಡು ದಿನ ಮೊದಲು ತಮ್ಮ ಮಗಳನ್ನೇ ಮಣ್ಣು ಮಾಡಿದ ಅಪ್ಪ ಅಮ್ಮಂದಿರೂ ಇದ್ದರು. ಫೋಟೋಗ್ರಾಫರುಗಳು ದೂರದಿಂದ ಕ್ಯಾಮೆರಾ ಹಿಡಿದು ನಿಂತಿದ್ದಾಗ, ಇವರು ಸಾಲಾಗಿ ನಿಂತು ಆ ಕುಟುಂಬಕ್ಕೆ ಅಡ್ಡಗೋಡೆಯಾದರು.

ನಮ್ಮೂರುಗಳಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚೋದಿಲ್ಲ. ಅಕ್ಕಪಕ್ಕದವರೇ ಅನ್ನ ಸಾರು ಮಾಡಿ ತಂದು ಬಡಿಸ್ತಾರೆ. ಯಾರೂ ಹೇಳಿಕೊಡಬೇಕಿಲ್ಲ. ನಿಕಲ್ ಮೈನ್ಸಿನ ಜನ ಮಾಡಿದ್ದನ್ನ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಆಗ ಊರಿನಲ್ಲಿ ನಾಲ್ಕು ಸಾವಿನ ಮನೆಗಳಲ್ಲ, ಐದು ಸಾವಿನ ಮನೆಗಳಿವೆ ಅಂತ ಅವರು ಲೆಕ್ಕ ಹಾಕಿದರು. ಐದನೆಯ ಮನೆಯಲ್ಲೂ ಒಬ್ಬಳು ವಿಧವೆ, ತಂದೆಯಿಲ್ಲದ ಮಕ್ಕಳು, ಮಗನನ್ನ ಕಳಕೊಂಡ ಮುದುಕರು. ಮೇಲೆ ಹೊರಲಾರದಷ್ಟು ಅವಮಾನ. ಅಷ್ಟೇ ವಿಷಯ. ಆದರೆ ಎಷ್ಟು ಕಷ್ಟದ ಲೆಕ್ಕ ನೋಡಿ!

ಇದು ಆ ಕ್ಷಣದಲ್ಲಿ ಹುಟ್ಟಿದ ಹುಚ್ಚು ಔದಾರ್ಯ ಅಲ್ಲ, ಅದಕ್ಕೆ ತಲೆತಲಾಂತರದ ಅಭ್ಯಾಸ ಇದೆ. ಆಮಿಶ್ ಜನ ವರ್ಷಕ್ಕೆ ಎರಡು ಸಲ ಪ್ರಭುಭೋಜನದ ಆರಾಧನೆ ಮಾಡ್ತಾರೆ. ಅದರ ಕೊನೆಗೆ ಇಬ್ಬಿಬ್ಬರಾಗಿ ಒಬ್ಬರ ಕಾಲನ್ನ ಒಬ್ಬರು ತೊಳೀತಾರೆ. ನಮ್ಮಲ್ಲೂ ಪಾದ ತೊಳೆಯೋದಿದೆ. ಗುರುವಿನ ಪಾದ ಶಿಷ್ಯ ತೊಳೀತಾನೆ, ಅಳಿಯನ ಪಾದ ಮಾವ ತೊಳೀತಾನೆ. ಯೇಸು ಅದನ್ನ ತಲೆಕೆಳಗು ಮಾಡಿದ. ಯೋಹಾನನ ಸುವಾರ್ತೆಯ ಪ್ರಕಾರ ಸಾಯೋ ಮುಂಚಿನ ರಾತ್ರಿ ಗುರುವೇ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಮನೆಯಾಳಿನ ಹಾಗೆ ಶಿಷ್ಯರ ಕಾಲು ತೊಳೆದ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನ ಹಿಡಿದುಕೊಡಲಿದ್ದ ಯೂದನೂ ಆ ಸಾಲಿನಲ್ಲಿ ಕೂತಿದ್ದ.

ಇನ್ನೊಂದು ಕಥೆಯೂ ಆ ಜನಕ್ಕೆ ಚಿಕ್ಕಂದಿನಿಂದ ಗೊತ್ತು. ಆಮಿಶರ ಮೂಲ ಇರೋದು ಯೂರೋಪಿನ ಅನಾಬ್ಯಾಪ್ಟಿಸ್ಟ್ ಪಂಗಡದಲ್ಲಿ. ೧೫೬೯ರಲ್ಲಿ ಹಾಲೆಂಡಿನಲ್ಲಿ ಡರ್ಕ್ ವಿಲ್ಲೆಮ್ಸ್ ಅನ್ನೋ ಅನಾಬ್ಯಾಪ್ಟಿಸ್ಟ್ ಸೆರೆಮನೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡ್ತಿದ್ದ. ಅಟ್ಟಿಸಿಕೊಂಡು ಬಂದವನು ಮಂಜು ಒಡೆದು ನೀರಿಗೆ ಬಿದ್ದ. ಡರ್ಕ್ ವಾಪಸ್ ಬಂದು ಅವನನ್ನ ಎತ್ತಿದ. ಆಮೇಲೆ? ಡರ್ಕ್‌ನನ್ನ ಮತ್ತೆ ಹಿಡಿದು ಸುಟ್ಟು ಕೊಂದರು. ಕಥೆಗೆ ಸುಖಾಂತ್ಯ ಇಲ್ಲ. ಒಳ್ಳೇದು ಮಾಡಿದ್ರೆ ಒಳ್ಳೇದಾಗುತ್ತೆ ಅಂತ ಹೇಳೋದಕ್ಕಲ್ಲ ಅವರು ಇದನ್ನ ನೆನಪಿಟ್ಟುಕೊಂಡಿರೋದು.

ಇಲ್ಲಿ ನೀವು ಕೇಳಬಹುದು, ಕೊಂದವನು ಸತ್ತೇ ಹೋಗಿದ್ದ, ಕ್ಷಮಿಸೋದು ಸುಲಭ ಆಯ್ತಲ್ಲ ಅಂತ. ನ್ಯಾಯವಾದ ಪ್ರಶ್ನೆಯೇ. ಆದರೆ ಕ್ಷಮೆ ಒಂದು ದಿನದ ಮಾತಾಗಿದ್ದರೆ ತಾನೇ ಸುಲಭ ಆಗೋದು? ಈ ಘಟನೆಯ ಬಗ್ಗೆ ಡೊನಾಲ್ಡ್ ಕ್ರೇಬಿಲ್ ಮತ್ತು ಇನ್ನಿಬ್ಬರು ಸೇರಿ ೨೦೦೭ರಲ್ಲಿ 'ಆಮಿಶ್ ಗ್ರೇಸ್' ಅನ್ನೋ ಪುಸ್ತಕ ಬರೆದರು. ಸೇಡು ಬೇಡ ಅನ್ನೋ ನಿರ್ಧಾರ ಮೊದಲ ದಿನವೇ ಆಗಬಹುದು, ಆದರೆ ಒಳಗಿನ ಸಿಟ್ಟು ಹೋಗೋದಕ್ಕೆ ವರ್ಷಗಳು ಬೇಕು, ಮತ್ತೆ ಮತ್ತೆ ಕ್ಷಮಿಸಬೇಕಾಗುತ್ತೆ ಅನ್ನೋದು ಅದರಿಂದ ತಿಳಿಯುತ್ತೆ. ಕ್ಷಮಿಸೋದು ಬೇರೆ, ಶಿಕ್ಷೆ ಬೇಡ ಅನ್ನೋದು ಬೇರೆ ಅಂತಲೂ ಆ ಪುಸ್ತಕ ಬಿಡಿಸಿ ಹೇಳುತ್ತೆ.

ಆ ವರ್ಷಗಳು ಹೇಗಿದ್ದವು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಬದುಕಿ ಉಳಿದ ಐವರಲ್ಲಿ ಆರು ವರ್ಷದ ಒಂದು ಮಗುವಿನ ತಲೆಗೆ ಪೆಟ್ಟಾಗಿತ್ತು. ನಡೆಯೋಕಾಗಲ್ಲ, ಮಾತಾಡೋಕಾಗಲ್ಲ, ಊಟವೂ ಟ್ಯೂಬಿನಲ್ಲೇ. ಕೊಂದವನ ತಾಯಿ ಆ ಮನೆಯವರನ್ನ ಕೇಳಿಕೊಂಡು, ವಾರಕ್ಕೊಂದು ಸಂಜೆ ಅಲ್ಲಿಗೆ ಹೋಗೋಕೆ ಶುರುಮಾಡಿದರು. ಮಗುವಿಗೆ ಸ್ನಾನ ಮಾಡಿಸೋದು, ಪುಸ್ತಕ ಓದಿ ಹೇಳೋದು, ಹಾಡೋದು. ವರ್ಷಗಟ್ಟಲೆ. ಮುಂದೆ ಅವರಿಗೇ ಕ್ಯಾನ್ಸರ್ ಬಂದಾಗ, ಅವರ ಮಗನ ಗುಂಡಿನಿಂದ ಉಳಿದುಕೊಂಡ ಹುಡುಗಿಯರಲ್ಲೇ ಕೆಲವರು ಬಂದು ಅವರ ಮನೆ ಗುಡಿಸಿ ಒರೆಸಿ ಕೊಟ್ಟರು. ಆ ತಾಯಿ ೨೦೧೭ರಲ್ಲಿ ತೀರಿಕೊಂಡರು. ಆ ಮಗು ಬೆಳೆದು, ೨೦೨೪ರ ಸೆಪ್ಟೆಂಬರಿನಲ್ಲಿ, ೨೩ನೇ ವಯಸ್ಸಿನಲ್ಲಿ ತೀರಿಕೊಂಡಿತು. ಗುಂಡು ಹಾರಿ ಅಷ್ಟರಲ್ಲಿ ಹೆಚ್ಚುಕಮ್ಮಿ ೧೮ ವರ್ಷವಾಗಿತ್ತು. ಸುದ್ದಿಯವರ ಪಾಲಿಗೆ ಯಾವತ್ತೋ ಮುಗಿದ ವಿಷಯ ಆ ಎರಡು ಮನೆಗಳಲ್ಲಿ ಮುಗಿದಿರಲಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು. ಪೆಟ್ಟು ತಿಂದವರು ತೋರಿಸೋ ಕ್ಷಮೆಯನ್ನ ನೋಡಿ ನಾವು ಕಣ್ಣು ಒರೆಸಿಕೊಂಡು, ಆಹಾ ಅಂದು ಎದ್ದು ಹೋಗೋದು ಬಹಳ ಸುಲಭ. ಅದಕ್ಕೆ ಇನ್ನೊಂದು ಘಟನೆ ಪಕ್ಕದಲ್ಲಿಟ್ಟು ನೋಡಬೇಕು.

೨೦೧೫ರ ಜೂನ್ ೧೭, ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್. ಕಪ್ಪು ಜನರ ಹಳೆಯ ಚರ್ಚು ಇಮ್ಯಾನುಯೆಲ್‌ನಲ್ಲಿ ರಾತ್ರಿ ಬೈಬಲ್ ಪಾಠ ನಡೀತಿತ್ತು. ಬಿಳಿಯ ಹುಡುಗನೊಬ್ಬ ಬಂದ. ಬಾ ಅಂತ ಕೂರಿಸಿಕೊಂಡರು. ಪಾಠದುದ್ದಕ್ಕೂ ಕೂತಿದ್ದು ಆಮೇಲೆ ಒಂಬತ್ತು ಜನರನ್ನ ಕೊಂದ. ಕಪ್ಪು ಜನರ ಮೇಲಿನ ದ್ವೇಷವೇ ಕಾರಣ. ಎರಡು ದಿನದ ನಂತರ ಕೋರ್ಟಿನಲ್ಲಿ, ಸತ್ತವರ ಮನೆಯವರಲ್ಲಿ ಕೆಲವರು ಅವನಿಗೆ ನೇರವಾಗಿ ಕ್ಷಮಿಸಿದ್ದೇವೆ ಅಂದರು. ಕೆಲವರು ಕ್ಷಮಿಸಲಿಲ್ಲ, ಅದನ್ನೂ ಹೇಳಿದರು. ಆದರೆ ಮೊದಲನೆಯವರ ಮಾತಷ್ಟೇ ದೇಶವೆಲ್ಲ ಹಬ್ಬಿತು. ಕ್ಷಮಿಸದವರ ನೋವಿಗೆ ಜಾಗ ಕಮ್ಮಿಯಾಯ್ತು.

ಅವನಿಗೆ ಆ ಪಿಸ್ತೂಲು ಸಿಕ್ಕಿದ್ದು ಹೇಗೆ ಅನ್ನೋದನ್ನ ನೋಡಿ. ಅಮೆರಿಕದಲ್ಲಿ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ಹಿನ್ನೆಲೆ ಪರಿಶೀಲನೆ ಆಗಬೇಕು. ಮೂರು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅಂಗಡಿಯವನು ಮಾರಬಹುದು. ಇವನ ಮೇಲೆ ಡ್ರಗ್ಸ್ ಕೇಸಿನ ದಾಖಲೆ ಇತ್ತು, ಅದು ಸಿಕ್ಕಿದ್ದರೆ ಮಾರಾಟ ನಿಲ್ಲುತ್ತಿತ್ತು. ಆದರೆ ಯಾವ ಠಾಣೆಯ ದಾಖಲೆ ಅನ್ನೋ ಗೊಂದಲದಲ್ಲಿ ಅದು ಸಿಗಲಿಲ್ಲ, ದಿನಗಳು ಕಳೆದವು. ಇದನ್ನ ಎಫ್‌ಬಿಐ ಮುಖ್ಯಸ್ಥರೇ ಒಪ್ಪಿಕೊಂಡರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟೈಮ್‌ಔಟ್ ಆದರೆ ಡಿಫಾಲ್ಟ್ ಆಗಿ 'ಓಕೆ' ಅನ್ನೋ ಸಿಸ್ಟಮ್! ಒಂದು ಲಾಗಿನ್ ಪೇಜನ್ನ ಹೀಗೆ ಬರೆದರೆ ಕೋಡ್ ರಿವ್ಯೂನಲ್ಲಿ ಉಗಿದು ಕಳಿಸ್ತಾರೆ. ೨೦೨೨ರಲ್ಲಿ ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ ೧೯ ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಬಂದ ಕಾಯ್ದೆ ಈ ಅವಧಿಯನ್ನ ೨೧ ವರ್ಷದೊಳಗಿನವರಿಗೆ ಮಾತ್ರ ಹಿಗ್ಗಿಸಿತು. ಚಾರ್ಲ್ಸ್‌ಟನ್‌ನ ಹುಡುಗನಿಗೆ ಆಗ ೨೧ ತುಂಬಿತ್ತು.

ನನ್ನ ಅಭಿಪ್ರಾಯ ಇಷ್ಟು. ಕ್ಷಮಿಸೋದು ಪೆಟ್ಟು ತಿಂದವರ ಹಕ್ಕು. ಅದನ್ನ ಬೇರೆಯವರು ಅವರಿಂದ ಕೇಳೋ ಹಾಗಿಲ್ಲ, ಅವರ ಪರವಾಗಿ ಕೊಡೋ ಹಾಗೂ ಇಲ್ಲ. ಉಳಿದವರ ಪಾಲಿಗೆ ಇರೋದು ಸೇವೆ. ಆಮಿಶ್ ಹೆಂಗಸು ಊಟ ಹೊತ್ತುಕೊಂಡು ಹೋದದ್ದು ಸೇವೆಯಾದರೆ, ಗುಮಾಸ್ತ ದಾಖಲೆಯನ್ನ ಸರಿಯಾಗಿ ನಮೂದಿಸೋದೂ ಸೇವೆ. ಅಂಗಡಿಯವನು ಉತ್ತರ ಬರೋವರೆಗೆ ಮಾರೋದಿಲ್ಲ ಅನ್ನೋದೂ ಸೇವೆ. ಶಾಸಕ ತನಗೆ ಬರೋ ಓಟು ಕಮ್ಮಿಯಾದರೂ ಸರಿ ಅಂತ ಕಾನೂನು ತಿದ್ದೋದೂ ಸೇವೆ. ೨೦೨೨ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು ೪೮ ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನಸ್ಸು ಕುಸಿದ ಗೆಳೆಯನ ಮನೆಗೆ ಹೋಗಿ "ನಿನ್ನ ಬಂದೂಕು ಸ್ವಲ್ಪ ದಿನ ನನ್ನ ಹತ್ತಿರ ಇರಲಿ ಕಣೋ" ಅನ್ನೋದು ಎಷ್ಟು ದೊಡ್ಡ ಸೇವೆ!

ಬಂದೂಕು ಇರೋದೇ ಪಾಪ ಅಂತ ನಾನು ಹೇಳ್ತಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಇದೆ, ಕೈಲ್‌ಪೋಳ್ದ್ ಹಬ್ಬಕ್ಕೆ ಪೂಜೆಯೂ ಆಗುತ್ತೆ. ಆಮಿಶ್ ಜನರಲ್ಲೂ ಬೇಟೆಗೆ ಬಂದೂಕು ಇಟ್ಟುಕೊಂಡವರು ಬಹಳ. ಮನುಷ್ಯನ ಮೇಲೆ ಎತ್ತೋದಿಲ್ಲ ಅನ್ನೋದು ಅವರ ಕಟ್ಟುನಿಟ್ಟು. ಇನ್ನು ಕೊಲೊರಾಡೊದಲ್ಲಿ ೨೦೧೩ರಲ್ಲಿ ಶುರುವಾದ ರಾಟೂಲ್ಸ್ ಅನ್ನೋ ಕ್ರೈಸ್ತ ಗುಂಪು ಬೇರೆ ದಾರಿ ಹಿಡಿದಿದೆ. ಜನ ಬೇಡ ಅಂತ ಬಿಟ್ಟುಕೊಟ್ಟ ಬಂದೂಕುಗಳನ್ನ ಕುಲುಮೆಗೆ ಹಾಕಿ ತೋಟದ ಸಲಕರಣೆ ಮಾಡ್ತಾರೆ. ಖಡ್ಗಗಳು ನೇಗಿಲಾಗೋ ಕನಸು ಪ್ರವಾದಿ ಯೆಶಾಯನ ಪುಸ್ತಕದ್ದು. ಮಕ್ಕಳನ್ನ ಗುಂಡಿಗೆ ಕಳಕೊಂಡ ತಾಯಂದಿರೂ ಅಲ್ಲಿ ಬಂದು ಸುತ್ತಿಗೆ ಹಿಡೀತಾರೆ. ಸಿಟ್ಟನ್ನ ನುಂಗಿಕೋ ಅಂತ ಯಾರೂ ಅವರಿಗೆ ಹೇಳೋದಿಲ್ಲ. ಕಾದ ಕಬ್ಬಿಣದ ಮೇಲೆ ಹೊಡಿ ಅಂತಾರೆ. ಕ್ಷಮಿಸೋಕಾಗದವರಿಗೂ ಈ ನಂಬಿಕೆಯೊಳಗೆ ಒಂದು ಜಾಗ ಇದೆ ಅಂತ ನನಗನ್ನಿಸಿದ್ದು ಇಲ್ಲಿ.

ಇಷ್ಟೆಲ್ಲ ದೂರದ ಊರಿನ ಕಥೆ ನಮಗ್ಯಾಕೆ ಅಂತೀರಾ? ನಮ್ಮೂರುಗಳಲ್ಲಿ ಒಂದು ಘೋರ ಕೊಲೆಯಾದಾಗ ಆರೋಪಿಯ ಅಪ್ಪ ಅಮ್ಮ, ಹೆಂಡತಿ, ಮಕ್ಕಳು ಏನಾಗ್ತಾರೆ ಅಂತ ಯೋಚನೆ ಮಾಡಿ. ಟೀವಿಯವರು ಅವರ ಬಾಗಿಲಿಗೆ ಮೈಕ್ ಹಿಡೀತಾರೆ. ಬಾಡಿಗೆ ಮನೆಯವರು ಖಾಲಿ ಮಾಡಿ ಅಂತಾರೆ. ಶಾಲೆಯಲ್ಲಿ ಆ ಮಗುವಿನ ಪಕ್ಕ ಯಾರೂ ಕೂರೋದಿಲ್ಲ. ಆರೋಪಿಗೆ ಶಿಕ್ಷೆ ಆಗಲಿ, ಆಗಲೇಬೇಕು. ಆದರೆ ಅವನ ಮನೆಯ ಒಲೆಯೂ ಆರಿರುತ್ತೆ. ಸತ್ತವರ ಮನೆಗೆ ಹೋಗಿಬಂದ ಮೇಲೆ, ಆ ಇನ್ನೊಂದು ಮನೆಗೂ ಒಂದು ಡಬ್ಬಿ ಅನ್ನ ತಗೊಂಡು ಹೋಗೋ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ನೀವಾಗಿದ್ದರೆ ಹೋಗ್ತಿದ್ರಾ? ನಿಜ ಹೇಳಿ.